ಆಕಾರಗಳ ಜಮಾಖರ್ಚು: ಕೆ-ಸಿದ್ಧಾಂತದ ಪರಿಚಯ

ಸೊನ್ನೆಗಿಂತ ಹೆಚ್ಚಿನ ಸಂಖ್ಯೆಯನ್ನು ಧನವೆಂದೂ ಕಡಿಮೆಯಾದುದನ್ನು ಋಣವೆಂದೂ ನಾವು ಕರೆಯುತ್ತೇವೆ. ಧನವೆಂದರೆ ಕೈಯಲ್ಲಿರುವ ಹಣ. ಋಣವೆಂದರೆ ತೀರಿಸಬೇಕಾದ ಸಾಲ. ಕ್ರಿ. ಶ. ೬೨೮ರಲ್ಲಿ ಬ್ರಹ್ಮಗುಪ್ತನು ತನ್ನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಇವುಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಈ ಎರಡು ಪದಗಳಿಂದಲೇ ಹೇಳಿದನು. ಅವನ ತರುವಾಯ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿಯೂ ಅವೇ ಪದಗಳು ಬರುತ್ತವೆ. ಸಾಲವನ್ನೂ ಒಂದು ಸಂಖ್ಯೆಯೆಂದು ಎಣಿಸಬಹುದೆಂಬುದು ಇಂದು ನಮಗೆ ಅತಿ ಸಹಜವಾಗಿ ತೋರುತ್ತದೆ. ಪ್ರಾಥಮಿಕ ಶಾಲೆಯ ಹುಡುಗನಿಗೂ ಅದು ಗೊತ್ತು. ಆದರೆ ಇದೇ ಉಪಾಯವನ್ನು ಸಂಖ್ಯೆಗಳಿಗೆ ಬದಲಾಗಿ ಆಕಾರಗಳಿಗೆ ಅನ್ವಯಿಸಿದರೆ ಏನಾದೀತು? ಒಂದು ಆಕಾರದಿಂದ ಇನ್ನೊಂದು ಆಕಾರವನ್ನು ‘ಕಳೆಯಲು’ ಬಂದೀತೆ? ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಈ ಬಗೆಯ ಪ್ರಶ್ನೆಯಿಂದ ಬೆಳೆದುಬಂದ ಶಾಸ್ತ್ರವೇ ಕೆ-ಸಿದ್ಧಾಂತ.

ಹೆಸರಿನ ಸಂಗತಿಯನ್ನು ಮೊದಲೇ ಹೇಳಿಬಿಡುವುದು ಲೇಸು. ‘ಕೆ’ ಎಂಬುದು ಯಾವ ವಿಜ್ಞಾನಿಯ ಹೆಸರಿನ ಮೊದಲಕ್ಷರವೂ ಅಲ್ಲ, ಭೌತಶಾಸ್ತ್ರದ ಯಾವ ಸ್ಥಿರಾಂಕವೂ ಅಲ್ಲ. ಜರ್ಮನ್ ಭಾಷೆಯಲ್ಲಿ ‘ಕ್ಲಾಸೆ’ ಎಂದರೆ ವರ್ಗ. ಬರ್ಲಿನ್ನಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲಸಿದ ಅಲೆಕ್ಸಾಂಡರ್ ಗ್ರೋತೆಂಡೀಕ್ ಎಂಬ ಗಣಿತಜ್ಞರು ೧೯೫೭ರಲ್ಲಿ ಆ ಪದದ ಮೊದಲ ಅಕ್ಷರವನ್ನು ತಮ್ಮ ಹೊಸ ರಚನೆಗೆ ಇಟ್ಟರು. ಕನ್ನಡದಲ್ಲಿ ಇದನ್ನು ‘ವರ್ಗಸಿದ್ಧಾಂತ’ ಎನ್ನಬಹುದಿತ್ತು. ಆದರೆ ವರ್ಗವೆಂದೊಡನೆ ನಮ್ಮ ವಿದ್ಯಾರ್ಥಿಗೆ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸುವುದು ನೆನಪಾಗುವುದರಿಂದ, ಅಕ್ಷರವನ್ನೇ ಉಳಿಸಿಕೊಳ್ಳುವುದು ಕ್ಷೇಮ. ಗ್ರೋತೆಂಡೀಕರು ರೀಮಾನ್-ರಾಖ್ ಪ್ರಮೇಯವೆಂಬ ಹಳೆಯ ಪ್ರಮೇಯವನ್ನು ವಿಸ್ತರಿಸುವುದಕ್ಕಾಗಿ ಇದನ್ನು ಕಟ್ಟಿದರು. ಅದನ್ನು ತಾವೇ ಬರೆದು ಪ್ರಕಟಿಸುವ ಗೋಜಿಗೂ ಹೋಗಲಿಲ್ಲ; ಬೋರೆಲ್ ಮತ್ತು ಸೆರ್ ಎಂಬವರು ೧೯೫೮ರಲ್ಲಿ ಅದರ ವಿವರಣೆಯನ್ನು ಅಚ್ಚು ಹಾಕಿಸಿದರು.

ಕಳೆಯದೆ ಕಳೆಯುವ ಬಗೆ

ಸೊನ್ನೆ, ಒಂದು, ಎರಡು, ಮೂರು ಎಂಬ ಎಣಿಕೆಯ ಸಂಖ್ಯೆಗಳು ಮಾತ್ರ ಗೊತ್ತಿರುವ, ಕೂಡುವುದನ್ನಷ್ಟೇ ಬಲ್ಲ ಒಬ್ಬನನ್ನು ಊಹಿಸಿಕೊಳ್ಳೋಣ. ಮೂರರಿಂದ ಐದನ್ನು ಕಳೆ ಎಂದರೆ ಅವನು ತಬ್ಬಿಬ್ಬಾಗುತ್ತಾನೆ. ಅವನಿಗೆ ಋಣಸಂಖ್ಯೆಯನ್ನು ಹೇಗೆ ಕಲಿಸುವುದು? ಅಂಗಡಿಯ ಲೆಕ್ಕದ ಪುಸ್ತಕವನ್ನು ಕೊಟ್ಟರೆ ಸಾಕು. ಪ್ರತಿಯೊಬ್ಬನ ಸ್ಥಿತಿಯನ್ನೂ ಜಮಾ, ಖರ್ಚು ಎಂಬ ಎರಡು ಸಂಖ್ಯೆಗಳ ಜೋಡಿಯಾಗಿ ಬರೆಯೋಣ. (೫, ೩) ಎಂದರೆ ಐದು ಬಂದಿದೆ, ಮೂರು ಹೋಗಿದೆ ಎಂದರ್ಥ. (೭, ೫) ಆದರೂ (೨, ೦) ಆದರೂ ಸ್ಥಿತಿ ಒಂದೇ. ಎರಡು ಜೋಡಿಗಳು ಸಮವೆಂದು ತಿಳಿಯುವುದಕ್ಕೆ ಕಳೆಯಬೇಕಾದುದೇ ಇಲ್ಲ: ಒಂದರ ಜಮಾವನ್ನು ಇನ್ನೊಂದರ ಖರ್ಚಿಗೆ ಕೂಡಿ, ಆ ಎರಡು ಮೊತ್ತಗಳು ಒಂದೇ ಆಗುವುವೇ ಎಂದು ನೋಡಿದರೆ ಆಯಿತು. ೫ಕ್ಕೆ ೫ನ್ನು ಕೂಡಿದರೆ ಹತ್ತು, ೭ಕ್ಕೆ ೩ನ್ನು ಕೂಡಿದರೂ ಹತ್ತು. ಆದುದರಿಂದ (೫, ೩), (೭, ೫) ಇವು ಸಮ. ಹೀಗೆ ಸಮವಾದ ಜೋಡಿಗಳೆಲ್ಲವನ್ನೂ ಒಂದು ವರ್ಗವಾಗಿ ಕಟ್ಟಿದರೆ ಆ ವರ್ಗವೇ ಹೊಸ ಸಂಖ್ಯೆ. (೩, ೫) ಇರುವ ವರ್ಗವನ್ನು ನಾವು ಋಣ ಎರಡು ಎನ್ನುತ್ತೇವೆ. ಕೂಡುವುದೊಂದೇ ತಿಳಿದವನಿಗೆ ಈಗ ಕಳೆಯುವುದೂ ದಕ್ಕಿತು.

ಗ್ರೋತೆಂಡೀಕರ ರಚನೆ ಇಷ್ಟೇ. ಕೂಡಲು ಬರುವ ಯಾವ ವಸ್ತುಗಳಿದ್ದರೂ ಅವುಗಳಿಗೆ ಇಂತಹ ಖಾತೆ ತೆರೆಯಬಹುದೆಂದು ಅವರು ಕಂಡುಕೊಂಡರು. ಆದರೆ ಒಂದು ಎಚ್ಚರಿಕೆ ಅಗತ್ಯ. ಸಂಖ್ಯೆಗಳಲ್ಲಾದರೆ ಎರಡು ಕಡೆಗೂ ಒಂದೇ ಸಂಖ್ಯೆಯನ್ನು ಕೂಡಿದಾಗ ಮೊತ್ತಗಳು ಸಮವಾದರೆ, ಮೊದಲೂ ಅವು ಸಮವಾಗಿಯೇ ಇದ್ದವು. ಎಲ್ಲ ವಸ್ತುಗಳಿಗೂ ಈ ಗುಣವಿಲ್ಲ. ಆದುದರಿಂದ ನಿಯಮವನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ: ಎರಡು ಕಡೆಗೂ ಒಂದೇ ವಸ್ತುವನ್ನು ಸೇರಿಸಿದ ಮೇಲೆ ಲೆಕ್ಕ ಸರಿಹೋದರೂ ಅವು ಸಮವೆಂದೇ ಬರೆದುಕೊಳ್ಳತಕ್ಕದ್ದು. ಈ ಸಡಿಲಿಕೆಯಿಂದ ಒಂದಿಷ್ಟು ನಷ್ಟವುಂಟು. ಎಷ್ಟು ನಷ್ಟ, ಅದನ್ನು ತಾಳಿಕೊಳ್ಳಬಹುದೆ ಎಂಬುದೇ ಈ ಶಾಸ್ತ್ರದ ಮರ್ಮ. ಮುಂದೆ ಅದಕ್ಕೆ ಮರಳುವೆವು.

ಅನಂತವನ್ನು ಖಾತೆಗೆ ಸೇರಿಸಬಾರದೆಂಬುದೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಎಣಿಸಲಾರದಷ್ಟು ಸಂಪತ್ತುಳ್ಳ ಒಬ್ಬ ವರ್ತಕನಿದ್ದರೆ, ಅವನಿಗೆ ಒಂದು ರೂಪಾಯಿ ಕೊಟ್ಟರೂ ಅವನ ಸಂಪತ್ತು ಅಷ್ಟೇ. ಅನಂತಕ್ಕೆ ಒಂದನ್ನು ಕೂಡಿದರೂ ಅನಂತ, ಸೊನ್ನೆಯನ್ನು ಕೂಡಿದರೂ ಅನಂತ. ಆದುದರಿಂದ ನಮ್ಮ ಸಡಿಲ ನಿಯಮದಂತೆ ಒಂದು ಸೊನ್ನೆಗೆ ಸಮವಾಗಿ ಇಡೀ ಖಾತೆಯೇ ಮುಳುಗಿಹೋಗುತ್ತದೆ. ಒಬ್ಬ ಅನಂತ ಶ್ರೀಮಂತನು ಊರಿನ ಎಲ್ಲರ ಲೆಕ್ಕವನ್ನೂ ಕೆಡಿಸಬಲ್ಲನು! ಕೆ-ಸಿದ್ಧಾಂತದಲ್ಲಿ ಮಿತವಾದ ಆಯಾಮಗಳುಳ್ಳ ವಸ್ತುಗಳಿಗೇ ಪ್ರವೇಶವಿರುವುದು ಇದರಿಂದ.

ಪಟ್ಟಿ, ಗೋಳ, ತೆಂಗಿನಕಾಯಿ

ಇನ್ನು ನಾವು ಕೂಡಬೇಕಾದ ಆಕಾರಗಳು ಯಾವುವು? ಒಂದು ವೃತ್ತವನ್ನು ತೆಗೆದುಕೊಂಡು ಅದರ ಪ್ರತಿಯೊಂದು ಬಿಂದುವಿಗೂ ಒಂದೊಂದು ಗೆರೆಯನ್ನು, ಪಕ್ಕಪಕ್ಕದ ಗೆರೆಗಳು ಬಿಡದೆ ಹೊಂದಿಕೊಂಡಿರುವಂತೆ, ಅಂಟಿಸಿದೆವೆನ್ನಿ. ಅಂತಹ ಗೆರೆಗಳ ಸಮುದಾಯವನ್ನು ಕಂತೆ ಎಂದು ಕರೆಯೋಣ. ಗೆರೆಗೆ ಬದಲಾಗಿ ಸಮತಲವನ್ನೋ ಮೂರು ಆಯಾಮಗಳ ಅವಕಾಶವನ್ನೋ ಅಂಟಿಸಬಹುದು; ವೃತ್ತಕ್ಕೆ ಬದಲಾಗಿ ಗೋಳವನ್ನೋ ಬೇರೊಂದು ಮೇಲ್ಮೈಯನ್ನೋ ತೆಗೆದುಕೊಳ್ಳಬಹುದು. ಒಂದೇ ಆಧಾರದ ಮೇಲಿನ ಎರಡು ಕಂತೆಗಳನ್ನು ಕೂಡುವುದು ಸುಲಭ. ಪ್ರತಿ ಬಿಂದುವಿನಲ್ಲಿಯೂ ಒಂದರ ಗೆರೆಗೆ ಲಂಬವಾಗಿ ಇನ್ನೊಂದರ ಗೆರೆಯನ್ನು ನಿಲ್ಲಿಸಿದರೆ ಅಲ್ಲೊಂದು ಸಮತಲವಾಯಿತು. ಸಮತಲಗಳ ಆ ಕಂತೆಯೇ ಮೊತ್ತ.

ವೃತ್ತದ ಮೇಲೆ ಗೆರೆಗಳ ಕಂತೆ ಎಷ್ಟು ಬಗೆ? ವಾಚಕರು ಎರಡು ಕಾಗದದ ಪಟ್ಟಿಗಳನ್ನು ಕತ್ತರಿಸಿಕೊಂಡು ನೋಡಲಿ. ಒಂದರ ತುದಿಗಳನ್ನು ನೇರವಾಗಿ ಅಂಟಿಸಿದರೆ ಬಳೆಯಂತಹ ಉಂಗುರವಾಗುತ್ತದೆ. ಇನ್ನೊಂದರ ಒಂದು ತುದಿಯನ್ನು ಅರ್ಧ ಸುತ್ತು ತಿರುಚಿ ಅಂಟಿಸಿದರೆ ೧೮೫೮ರಲ್ಲಿ ಮೋಬಿಯಸ್ ಮತ್ತು ಲಿಸ್ಟಿಂಗ್ ಎಂಬಿಬ್ಬರು ಬೇರೆಬೇರೆಯಾಗಿ ವರ್ಣಿಸಿದ ಮೋಬಿಯಸ್ ಪಟ್ಟಿ ದೊರೆಯುತ್ತದೆ. ಪಟ್ಟಿಯ ನಡುಗೆರೆಯೇ ವೃತ್ತ. ಅದಕ್ಕೆ ಅಡ್ಡಲಾಗಿರುವ ಗೆರೆಗಳೇ ಕಂತೆ. ಎರಡನೆಯದರಲ್ಲಿ ಒಂದು ಬಾಣವನ್ನು ಅಡ್ಡಗೆರೆಯ ಮೇಲಿಟ್ಟು ಒಂದು ಸುತ್ತು ಬಂದರೆ ಅದರ ತುದಿ ಎದುರುದಿಕ್ಕಿಗೆ ತಿರುಗಿರುತ್ತದೆ. ಎಷ್ಟು ಎಳೆದಾಡಿದರೂ ಈ ತಿರುಚನ್ನು ಬಿಡಿಸಲಾಗದು. ವೃತ್ತದ ಮೇಲೆ ಗೆರೆಗಳ ಕಂತೆ ಈ ಎರಡೇ ಬಗೆ.

ಈಗ ಎರಡು ಮೋಬಿಯಸ್ ಕಂತೆಗಳನ್ನು ಕೂಡೋಣ. ತಿರುಚಿಗೆ ತಿರುಚು ಸೇರಿದರೆ ಇಮ್ಮಡಿ ತಿರುಚು ಆಗಬೇಕೆಂದು ತೋರುತ್ತದೆಯಲ್ಲವೆ? ಆಗುವುದು ಬೇರೆ. ಪ್ರತಿ ಬಿಂದುವಿನಲ್ಲಿ ಈಗ ಒಂದು ಸಮತಲವಿದೆ. ಒಂದು ಸುತ್ತು ಬಂದಾಗ ಅದರ ಎರಡು ಅಕ್ಷಗಳೂ ತಿರುಗುಮುರುಗಾಗುತ್ತವೆ. ಎರಡು ಅಕ್ಷಗಳೂ ತಿರುಗುಮುರುಗಾಗುವುದೆಂದರೆ ಸಮತಲವು ೧೮೦ ಅಂಶ ತಿರುಗುವುದೆಂದೇ ಅರ್ಥ. ಈ ತಿರುಗಾಟವನ್ನು ಒಮ್ಮೆಲೇ ಮಾಡಬೇಕೆಂದೇನೂ ಇಲ್ಲ. ನಡೆಯುತ್ತ ನಡೆಯುತ್ತ ನಮ್ಮ ಬಾಣಗಳನ್ನು ಸಮತಲದೊಳಗೆ ಸ್ವಲ್ಪಸ್ವಲ್ಪವಾಗಿ ತಿರುಗಿಸುತ್ತ ಬಂದರೆ, ಸುತ್ತು ಮುಗಿಯುವಾಗ ಅವು ಹೊರಟ ದಿಕ್ಕಿಗೆ ಸರಿಯಾಗಿ ಬಂದು ಕೂಡಿಕೊಳ್ಳುತ್ತವೆ. ಎಂದರೆ ತಿರುಚು ಮಾಯವಾಯಿತು. ಒಂಟಿ ಗೆರೆಯಲ್ಲಿ ತಿರುಗಲು ಎಡೆಯಿರಲಿಲ್ಲ. ಸಮತಲದಲ್ಲಿ ಎಡೆ ದೊರೆಯಿತು. ಕೆ-ಸಿದ್ಧಾಂತದ ಖಾತೆಯಲ್ಲಿ ಮೋಬಿಯಸ್ ಕಂತೆಯಿಂದ ತಿರುಚಿಲ್ಲದ ಕಂತೆಯನ್ನು ಕಳೆದು ಉಳಿದುದನ್ನು ‘ತಿರುಚು’ ಎಂದು ಬರೆದುಕೊಂಡರೆ, ತಿರುಚಿಗೆ ತಿರುಚನ್ನು ಕೂಡಿದರೆ ಸೊನ್ನೆ! ದೀಪದ ಗುಂಡಿಯನ್ನು ಎರಡು ಸಲ ಒತ್ತಿದರೆ ಮೊದಲಿನ ಸ್ಥಿತಿಗೇ ಬರುವಂತೆ ಇದು ಎರಡಕ್ಕೆ ಮುಗಿಯುವ ಲೆಕ್ಕ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಭೌತಶಾಸ್ತ್ರದಲ್ಲಿ ಇದೇ ಲೆಕ್ಕ ಮತ್ತೆ ಎದುರಾಗುವುದು.

ನಷ್ಟದ ಮಾತನ್ನು ಈಗ ಎತ್ತಿಕೊಳ್ಳಬಹುದು. ಗೋಳದ ಪ್ರತಿ ಬಿಂದುವಿನಲ್ಲಿಯೂ ಅದನ್ನು ಮುಟ್ಟಿಕೊಂಡಿರುವ ಸ್ಪರ್ಶ ಸಮತಲವನ್ನು ಕಲ್ಪಿಸಿಕೊಳ್ಳಿ. ಈ ಸಮತಲಗಳ ಕಂತೆ ತಿರುಚುಳ್ಳದ್ದು. ತೆಂಗಿನಕಾಯಿಯ ಮೈಯೆಲ್ಲ ನಾರು ಇದ್ದು ಅದನ್ನು ಎಲ್ಲಿಯೂ ಸುಳಿಯಿಲ್ಲದಂತೆ, ಬೈತಲೆಯಿಲ್ಲದಂತೆ ಒಂದೇ ಸಮನೆ ಬಾಚಲು ಹೊರಟರೆ ಆಗುವುದಿಲ್ಲ. ಎಲ್ಲಾದರೂ ಒಂದೆಡೆ ನಾರು ನೆಟ್ಟಗೆ ನಿಲ್ಲಲೇಬೇಕು. ಭೂಮಿಯ ಮೇಲೆ ಯಾವ ಕ್ಷಣದಲ್ಲಿಯೂ ಗಾಳಿಯ ಅಡ್ಡವೇಗ ಸೊನ್ನೆಯಾಗಿರುವ ಒಂದು ತಾಣ ಇದ್ದೇ ಇರುವುದೆಂಬುದಕ್ಕೂ ಇದೇ ಕಾರಣ. ಆದರೆ ಈ ಸ್ಪರ್ಶ ಸಮತಲಗಳ ಕಂತೆಗೆ, ಗೋಳದಿಂದ ನೇರವಾಗಿ ಹೊರಕ್ಕೆ ಚಾಚಿದ ಗೆರೆಗಳ ಕಂತೆಯನ್ನು ಕೂಡಿದರೆ ಏನು ದೊರೆಯುತ್ತದೆ? ಪ್ರತಿ ಬಿಂದುವಿನಲ್ಲಿಯೂ ನಮ್ಮ ಸುತ್ತಣ ಮೂರು ಆಯಾಮಗಳ ಅವಕಾಶವೇ. ಅದರಲ್ಲಿ ತಿರುಚೇ ಇಲ್ಲ. ಹೊರಚಾಚಿದ ಗೆರೆಗಳಲ್ಲಿಯೂ ತಿರುಚಿಲ್ಲ. ಆದುದರಿಂದ ಖಾತೆಯಲ್ಲಿ ಮೂರರಿಂದ ಒಂದನ್ನು ಕಳೆದು, ಸ್ಪರ್ಶ ಸಮತಲಗಳ ಕಂತೆಯು ತಿರುಚಿಲ್ಲದ ಸಮತಲಗಳ ಕಂತೆಗೆ ಸಮ ಎಂದೇ ಬರೆಯಬೇಕಾಗುತ್ತದೆ. ತೆಂಗಿನಕಾಯಿಯ ಸುಳಿಯನ್ನು ಖಾತೆ ಮರೆತುಬಿಟ್ಟಿತು.

ಇದು ದೋಷವೆ? ಹೌದು, ಸುಳಿಯನ್ನೇ ಹುಡುಕುವವನಿಗೆ ಇದು ದೋಷ. ಆದರೆ ಕಂತೆಗಳನ್ನು ಒಂದೊಂದಾಗಿ ವಿಂಗಡಿಸುವ ಕೆಲಸವು ಬಹುಮಟ್ಟಿಗೆ ಅಸಾಧ್ಯವಾದುದು. ಸ್ವಲ್ಪ ಮರೆಯಲು ಒಪ್ಪಿಕೊಂಡರೆ ಉಳಿದುದನ್ನು ಲೆಕ್ಕ ಹಾಕಲು ಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಕೆ-ಸಿದ್ಧಾಂತದ ಯಶಸ್ಸೆಲ್ಲವೂ ಯಾವುದನ್ನು ಮರೆಯಬೇಕೆಂಬ ಈ ಆಯ್ಕೆಯಲ್ಲಿಯೇ ಇದೆ.

ಎಂಟಕ್ಕೊಮ್ಮೆ ಮರಳುವ ಲೆಕ್ಕ

ಗ್ರೋತೆಂಡೀಕರದು ಬೀಜಗಣಿತದ ಸಮೀಕರಣಗಳಿಂದ ಹುಟ್ಟಿದ ಆಕಾರಗಳ ಲೋಕ. ಅವರ ಖಾತೆಯನ್ನು ಟೊಪಾಲಜಿಗೆ, ಎಂದರೆ ಎಳೆದರೂ ಬಗ್ಗಿಸಿದರೂ ಕೆಡದ ಗುಣಗಳನ್ನು ಅಭ್ಯಸಿಸುವ ಶಾಸ್ತ್ರಕ್ಕೆ, ಮೈಕೆಲ್ ಅತಿಯಾ ಮತ್ತು ಹಿರ್ಟ್ಸೆಬ್ರುಖ್ ಎಂಬವರು ೧೯೫೯ರಿಂದ ೧೯೬೧ರೊಳಗೆ ಒಯ್ದರು. ಅವರಿಗೆ ನೆರವಾದುದು ರಾವುಲ್ ಬಾಟ್ ಅವರ ಒಂದು ಶೋಧ. ವಿದ್ಯುತ್ ಎಂಜಿನಿಯರಿಂಗ್ ಓದಿ ಅನಂತರ ಗಣಿತಕ್ಕೆ ಬಂದ ಬಾಟ್ ಅವರು ೧೯೫೭ರ ಸುಮಾರಿಗೆ ಒಂದು ವಿಚಿತ್ರ ಪುನರಾವೃತ್ತಿಯನ್ನು ಕಂಡರು. ಒಂದು, ಎರಡು, ಮೂರು ಹೀಗೆ ಆಯಾಮಗಳನ್ನು ಹೆಚ್ಚಿಸುತ್ತ ಗೋಳಗಳ ಮೇಲಿನ ಕಂತೆಗಳ ಖಾತೆಯನ್ನು ಬರೆಯುತ್ತ ಹೋದರೆ, ಸೊನ್ನೆಯಲ್ಲದ ತಿರುಚು ಮೊದಲ ಎರಡು ಗೋಳಗಳಲ್ಲಿ ಎರಡಕ್ಕೆ ಮುಗಿಯುವ ಬಗೆಯದು. ಮೂರನೆಯದರಲ್ಲಿ ಏನೂ ಇಲ್ಲ. ನಾಲ್ಕನೆಯದರಲ್ಲಿ ಪೂರ್ಣಾಂಕಗಳಂತೆ ಮುಗಿಯದೆ ಬೆಳೆಯುವುದು. ಐದು, ಆರು, ಏಳರಲ್ಲಿ ಮತ್ತೆ ಏನೂ ಇಲ್ಲ. ಎಂಟರಲ್ಲಿ ಮತ್ತೆ ಪೂರ್ಣಾಂಕಗಳು. ಅಲ್ಲಿಂದ ಮುಂದೆ ಇಡೀ ಪಟ್ಟಿಯೇ ಹಾಗೆಯೇ ಮರುಕಳಿಸುತ್ತದೆ. ವಾರದ ದಿನಗಳು ಏಳಕ್ಕೊಮ್ಮೆ ಮರಳುವಂತೆ ಇಲ್ಲಿ ಎಂಟಕ್ಕೊಮ್ಮೆ. ವಾಸ್ತವ ಸಂಖ್ಯೆಗಳಿಗೆ ಬದಲಾಗಿ ಸಂಕೀರ್ಣ ಸಂಖ್ಯೆಗಳನ್ನು ಬಳಸಿದರೆ ಆವೃತ್ತಿ ಇನ್ನೂ ಚಿಕ್ಕದು: ಎರಡಕ್ಕೊಮ್ಮೆ.

ಈ ಖಾತೆಯ ಬಲವನ್ನು ತೋರಿಸಲು ಪ್ರೌಢಶಾಲೆಯ ವಿದ್ಯಾರ್ಥಿಯೂ ಪರೀಕ್ಷಿಸಬಹುದಾದ ಒಂದು ಉದಾಹರಣೆಯುಂಟು. ಸಂಖ್ಯೆಗಳನ್ನು ಗೆರೆಯ ಮೇಲಿನ ಬಿಂದುಗಳೆಂದು ತಿಳಿದರೆ, ಅವನ್ನು ಗುಣಿಸಬಹುದು, ಸೊನ್ನೆಯನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗಿಸಬಹುದು. ಸಮತಲದ ಬಿಂದುಗಳಿಗೂ ಇದು ಸಾಧ್ಯ. ಅವೇ ಸಂಕೀರ್ಣ ಸಂಖ್ಯೆಗಳು. ಮೂರು ಆಯಾಮಗಳಲ್ಲಿ ಇಂತಹ ಗುಣಾಕಾರವನ್ನು ಬಹುಕಾಲ ಹುಡುಕಿ ಸೋತ ಹ್ಯಾಮಿಲ್ಟನ್ ೧೮೪೩ರ ಅಕ್ಟೋಬರ್ ೧೬ರಂದು ಡಬ್ಲಿನ್ನಿನ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದಾಗ ನಾಲ್ಕು ಆಯಾಮಗಳಲ್ಲಿ ಅದನ್ನು ಕಂಡರು. ಅದೇ ವರ್ಷ ಅವರ ಗೆಳೆಯ ಗ್ರೇವ್ಸ್ ಎಂಟು ಆಯಾಮಗಳಲ್ಲಿ ಕಂಡರು. ಒಂದು, ಎರಡು, ನಾಲ್ಕು, ಎಂಟು, ಮುಂದೆ ಹದಿನಾರೆ? ಅಥವಾ ನಡುವೆ ಹತ್ತೋ ಹನ್ನೆರಡೋ ಇರಬಹುದೆ?

ಬೆಸಸಂಖ್ಯೆಯ ಆಯಾಮಗಳನ್ನು ತೆಂಗಿನಕಾಯಿಯೇ ತಳ್ಳಿಹಾಕುತ್ತದೆ. ಮೂರು ಆಯಾಮಗಳಲ್ಲಿ ಅಂತಹ ಗುಣಾಕಾರವಿದ್ದರೆ ಅದರ ನೆರವಿನಿಂದ ಗೋಳದ ನಾರನ್ನು ಸುಳಿಯಿಲ್ಲದೆ ಬಾಚಬಹುದಾಗಿತ್ತು. ಅದು ಆಗದ ಮಾತು. ಐದು, ಏಳು ಮೊದಲಾದವಕ್ಕೂ ಇದೇ ವಾದ. ಸಮಸಂಖ್ಯೆಗಳದೇ ಕಷ್ಟ. ಕೆ-ಸಿದ್ಧಾಂತದ ಖಾತೆಯ ಮೇಲೆ ಫ್ರಾಂಕ್ ಆಡಮ್ಸ್ ಅವರು ಕೆಲವು ಕ್ರಿಯೆಗಳನ್ನು ರೂಪಿಸಿದರು: ಒಂದು ಎರಡನೆಯ ಘಾತದಂತಹುದು, ಒಂದು ಮೂರನೆಯ ಘಾತದಂತಹುದು, ಹೀಗೆ. ಯಾವುದನ್ನು ಮೊದಲು ಮಾಡಿದರೂ ಫಲ ಒಂದೇ. ಆಯಾಮಗಳ ಸಂಖ್ಯೆಯ ಅರ್ಧವನ್ನು ‘ನ’ ಎಂದು ಕರೆದರೆ, ಅಷ್ಟು ಆಯಾಮಗಳಲ್ಲಿ ಗುಣಾಕಾರ ಸಾಧ್ಯವಾಗಬೇಕಾದರೆ ೩ರ ‘ನ’ನೆಯ ಘಾತದಿಂದ ಒಂದನ್ನು ಕಳೆದಾಗ ಉಳಿಯುವುದು ೨ರ ‘ನ’ನೆಯ ಘಾತದಿಂದ ಶೇಷವಿಲ್ಲದೆ ಭಾಗವಾಗಬೇಕೆಂದು ಆ ಎರಡು ಕ್ರಿಯೆಗಳ ಹೊಂದಿಕೆಯಿಂದಲೇ ಹೊರಡುತ್ತದೆ. ಇನ್ನು ಪರೀಕ್ಷಿಸಿ ನೋಡಿ. ‘ನ’ ಒಂದಾದರೆ ೩ರಿಂದ ಒಂದನ್ನು ಕಳೆದು ೨. ಅದು ೨ರಿಂದ ಭಾಗವಾಗುತ್ತದೆ. ಎರಡಾದರೆ ೮, ೪ರಿಂದ ಭಾಗವಾಗುತ್ತದೆ. ಮೂರಾದರೆ ೨೬, ಅದು ೮ರಿಂದ ಭಾಗವಾಗದು. ನಾಲ್ಕಾದರೆ ೮೦, ೧೬ರಿಂದ ಸರಿಯಾಗಿ ಐದು ಸಲ. ಐದಾದರೆ ೨೪೨, ೩೨ರಿಂದ ಆಗದು. ಆರಾದರೆ ೭೨೮, ೬೪ರಿಂದ ಆಗದು. ಮುಂದೆ ಎಲ್ಲಿಯೂ ಆಗದೆಂದು ತೋರಿಸುವುದು ಕಾಲೇಜಿನ ವಿದ್ಯಾರ್ಥಿಗೆ ಒಳ್ಳೆಯ ಅಭ್ಯಾಸ. ‘ನ’ ಒಂದು, ಎರಡು, ನಾಲ್ಕು ಮಾತ್ರ. ಆದುದರಿಂದ ಸಮಸಂಖ್ಯೆಯ ಆಯಾಮಗಳು ಎರಡು, ನಾಲ್ಕು, ಎಂಟು ಮಾತ್ರ. ಹದಿನಾರರ ಆಸೆಯನ್ನು ಬಿಡಬೇಕು.

ಈ ಫಲವನ್ನು ೧೯೫೮ರಲ್ಲಿಯೇ ಬಾಟ್, ಮಿಲ್ನರ್, ಕೆರ್ವೇರ್ ಸಾಧಿಸಿದ್ದರು. ಅದಕ್ಕಿಂತ ಆಳವಾದ ಒಂದು ಪ್ರಮೇಯವನ್ನು ಆಡಮ್ಸ್ ೧೯೬೦ರಲ್ಲಿ ಎಂಬತ್ತಕ್ಕೂ ಹೆಚ್ಚು ಪುಟಗಳ ಪ್ರಬಂಧದಲ್ಲಿ ಸಾಧಿಸಿದರು. ೧೯೬೬ರಲ್ಲಿ ಆಡಮ್ಸ್ ಮತ್ತು ಅತಿಯಾ ಕೂಡಿ ಕೆ-ಸಿದ್ಧಾಂತದಿಂದ ಅದೇ ಪ್ರಮೇಯವನ್ನು ಎಂಟು ಪುಟಗಳಲ್ಲಿ ಮುಗಿಸಿದರು. ಒಂದು ಹೊಸ ಉಪಕರಣದ ಬೆಲೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ತಕ್ಕಡಿ ಬೇಕಾಗಿಲ್ಲ.

ಅತಿಯಾ ಮತ್ತು ಐಸಡೋರ್ ಸಿಂಗರ್ ಅವರು ೧೯೬೩ರಲ್ಲಿ ಪ್ರಕಟಿಸಿದ ಸೂಚಕ ಪ್ರಮೇಯವೂ ಇದೇ ಬಳಗಕ್ಕೆ ಸೇರಿದ್ದು. ಒಂದು ಅವಕಲ ಸಮೀಕರಣಕ್ಕೆ ಎಷ್ಟು ಸ್ವತಂತ್ರ ಉತ್ತರಗಳಿವೆ, ಉತ್ತರ ದೊರೆಯುವುದಕ್ಕೆ ಎಷ್ಟು ನಿರ್ಬಂಧಗಳಿವೆ ಎಂಬ ಎರಡು ಸಂಖ್ಯೆಗಳು ಸಮೀಕರಣವನ್ನು ತುಸು ಅಲುಗಿಸಿದರೂ ಬದಲಾಗಬಲ್ಲವು. ಆದರೆ ಅವುಗಳ ವ್ಯತ್ಯಾಸ ಬದಲಾಗದು. ಮತ್ತೆ ಅದೇ ಜಮಾ, ಅದೇ ಖರ್ಚು. ಆ ವ್ಯತ್ಯಾಸವನ್ನು ಸಮೀಕರಣವನ್ನು ಬಿಡಿಸದೆಯೇ, ಕೇವಲ ಆಕಾರದ ತಿರುಚುಗಳಿಂದ ಲೆಕ್ಕ ಹಾಕಬಹುದೆಂಬುದು ಪ್ರಮೇಯದ ಸಾರ. ಇದಕ್ಕಾಗಿ ಇವರಿಬ್ಬರಿಗೂ ೨೦೦೪ರಲ್ಲಿ ಆಬೆಲ್ ಬಹುಮಾನ ದೊರೆಯಿತು.

ಹರಳಿನೊಳಗಿನ ತಿರುಚು

ಇಷ್ಟೆಲ್ಲ ಅಮೂರ್ತವಾದ ಖಾತೆಗೂ ಪ್ರಯೋಗಶಾಲೆಯ ಮೇಜಿನ ಮೇಲಿರುವ ಲೋಹದ ತುಣುಕಿಗೂ ಏನು ಸಂಬಂಧ? ೧೯೮೦ರ ಫೆಬ್ರವರಿಯಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಎಂಬ ಜರ್ಮನ್ ವಿಜ್ಞಾನಿಯು ಸಿಲಿಕಾನ್ ತುಣುಕೊಂದರಲ್ಲಿನ ಎಲೆಕ್ಟ್ರಾನುಗಳ ತೆಳುಪದರವನ್ನು ಅತಿ ಶೀತದಲ್ಲಿ, ಅತಿ ಪ್ರಬಲವಾದ ಕಾಂತಕ್ಷೇತ್ರದಲ್ಲಿ ಇರಿಸಿ, ವಿದ್ಯುತ್ತು ಹರಿಯುವ ದಿಕ್ಕಿಗೆ ಅಡ್ಡಲಾಗಿ ಉಂಟಾಗುವ ರೋಧವನ್ನು ಅಳೆಯುತ್ತಿದ್ದರು. ರೋಧವು ಇಳಿಜಾರಿನಂತೆ ಏರುವುದಕ್ಕೆ ಬದಲಾಗಿ ಮೆಟ್ಟಿಲು ಮೆಟ್ಟಿಲಾಗಿ ನಿಂತಿತು. ಮೆಟ್ಟಿಲುಗಳ ಬೆಲೆ ೨೫,೮೧೨.೮೦೭ ಓಮ್ ಎಂಬ ಸಂಖ್ಯೆಯನ್ನು ೧, ೨, ೩, ೪ ಎಂಬ ಪೂರ್ಣಾಂಕಗಳಿಂದ ಭಾಗಿಸಿದಷ್ಟು. ತುಣುಕಿನ ಅಳತೆ ಬೇರೆಯಾಗಲಿ, ಅದರಲ್ಲಿ ಕಲ್ಮಷವಿರಲಿ, ಬೆಲೆ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟೂ ಕದಲದೆಂದು ಮುಂದಿನ ಅಳತೆಗಳು ತೋರಿಸಿದವು. ಇದಕ್ಕೆ ೧೯೮೫ರಲ್ಲಿ ನೊಬೆಲ್ ಬಹುಮಾನ ಬಂದಿತು.

ಕೊಳೆಯಾದ ತುಣುಕಿನಿಂದ ಇಷ್ಟು ಶುದ್ಧವಾದ ಪೂರ್ಣಾಂಕ ಎಲ್ಲಿಂದ ಬರುತ್ತದೆ? ೧೯೮೨ರಲ್ಲಿ ಥೌಲೆಸ್ ಮತ್ತು ಅವರ ಮೂವರು ಜತೆಗಾರರು ಇದರ ಮೂಲವನ್ನು ತೋರಿಸಿದರು. ಹರಳಿನಲ್ಲಿ ಪರಮಾಣುಗಳು ಒಂದೇ ಅಂತರದಲ್ಲಿ ಸಾಲಾಗಿ ನಿಂತಿರುತ್ತವೆ. ಈ ಕ್ರಮದಿಂದಾಗಿ ಎಲೆಕ್ಟ್ರಾನಿನ ಸಂವೇಗವನ್ನು ಒಂದು ನಿಶ್ಚಿತ ಮೊತ್ತದಷ್ಟು ಹೆಚ್ಚಿಸಿದರೆ ಮೊದಲಿನ ಸ್ಥಿತಿಯೇ ಮರಳುತ್ತದೆ. ತೆಳುಪದರದಲ್ಲಿ ಸಂವೇಗಕ್ಕೆ ಎರಡು ದಿಕ್ಕು; ಎರಡರಲ್ಲಿಯೂ ಹೀಗೆ ಮರಳುವುದಾದರೆ, ಸಂವೇಗಗಳ ನಕ್ಷೆಯು ಎದುರುಬದುರಿನ ಅಂಚುಗಳನ್ನು ಅಂಟಿಸಿದ ಚೌಕ. ಅಂಚುಗಳನ್ನು ಅಂಟಿಸಿ ನೋಡಿದರೆ ಅದು ನಡುವೆ ತೂತಿರುವ ಉದ್ದಿನ ವಡೆಯ ಮೇಲ್ಮೈ! ಆ ವಡೆಯ ಪ್ರತಿ ಬಿಂದುವಿನಲ್ಲಿಯೂ ಎಲೆಕ್ಟ್ರಾನುಗಳು ತುಂಬಿರುವ ಸ್ಥಿತಿಗಳು ಕೂಡಿ ಒಂದು ಸಪಾಟಾದ ಅವಕಾಶವಾಗುತ್ತವೆ. ಎಂದರೆ ವಡೆಯ ಮೇಲೊಂದು ಕಂತೆ. ಮೆಟ್ಟಿಲಿನ ಪೂರ್ಣಾಂಕವು ಆ ಕಂತೆಯ ತಿರುಚಿನ ಅಳತೆ. ಕಲ್ಮಷವು ತಿರುಚನ್ನು ಅಲುಗಿಸಬಹುದು, ಬಿಚ್ಚಲಾರದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹರಳಿನ ಪರಮಾಣುಗಳ ಒಳಚಿಪ್ಪುಗಳಲ್ಲಿ ಭದ್ರವಾಗಿ ಕುಳಿತ ಎಲೆಕ್ಟ್ರಾನುಗಳೂ ಉಂಟು. ಅವು ವಿದ್ಯುತ್ತಿನ ವ್ಯವಹಾರದಲ್ಲಿ ಭಾಗವಹಿಸವು; ಕಂತೆಗೆ ಅವು ತಿರುಚಿಲ್ಲದ ಒಂದು ಭಾಗವನ್ನು ಸೇರಿಸುತ್ತವೆ, ಅಷ್ಟೇ. ಅವನ್ನು ಲೆಕ್ಕಕ್ಕೆ ಹಿಡಿದರೂ ಬಿಟ್ಟರೂ ಹರಳಿನ ಗುಣ ಒಂದೇ ಆಗಿರಬೇಕು. ಎರಡು ಕಡೆಗೂ ಒಂದೇ ವಸ್ತುವನ್ನು ಸೇರಿಸಿ ಸಮವಾದರೆ ಸಾಕೆಂಬ ನಮ್ಮ ಸಡಿಲ ನಿಯಮವು ನೆನಪಿದೆಯಷ್ಟೆ? ಗಣಿತಜ್ಞನು ಅನುಕೂಲಕ್ಕಾಗಿ ಮಾಡಿಕೊಂಡ ಆ ಮರೆವು ಪ್ರಕೃತಿಯಲ್ಲಿ ಮೊದಲೇ ಇತ್ತು.

೨೦೦೫ರಲ್ಲಿ ಕೇನ್ ಮತ್ತು ಮೆಲೆ ಎಂಬ ಅಮೆರಿಕದ ಭೌತಶಾಸ್ತ್ರಜ್ಞರು ಕಾಂತಕ್ಷೇತ್ರವಿಲ್ಲದೆಯೂ ತಿರುಚು ಇರಬಲ್ಲುದೆಂದು ಹೇಳಿದರು. ಕಾಲವನ್ನು ಹಿಂದುಮುಂದಾಗಿಸಿದರೂ ನಿಯಮಗಳು ಬದಲಾಗದ ಅವಾಹಕಗಳಲ್ಲಿ ತಿರುಚು ಪೂರ್ಣಾಂಕವಲ್ಲ. ಇದೆ ಅಥವಾ ಇಲ್ಲ ಎಂಬ ಎರಡೇ ಬೆಲೆ. ತಿರುಚಿದ್ದರೆ ಅಂತಹ ಪದರದ ಒಡಲಿನಲ್ಲಿ ವಿದ್ಯುತ್ತು ಹರಿಯದು, ಆದರೆ ಅಂಚಿನಲ್ಲಿ ಹರಿಯುತ್ತದೆ. ಕ್ಯಾಡ್ಮಿಯಮ್ ಟೆಲ್ಯುರೈಡನ್ನು ಹೊಂದಿದ ಪದರಗಳ ನಡುವೆ ಪಾದರಸದ ಟೆಲ್ಯುರೈಡಿನ ತೆಳುಪದರವನ್ನಿಟ್ಟರೆ ಇದು ಕಾಣಬೇಕೆಂದು ೨೦೦೬ರಲ್ಲಿ ಬೇರೆ ಮೂವರು ಭವಿಷ್ಯ ನುಡಿದರು. ಜರ್ಮನಿಯ ವ್ಯುರ್ಟ್ಸ್‌ಬರ್ಗಿನಲ್ಲಿ ೨೦೦೭ರಲ್ಲಿ ಅದನ್ನು ಅಳೆದು ತೋರಿಸಿದರು. ತಿರುಚುಳ್ಳ ಇಂತಹ ಎರಡು ಪದರಗಳನ್ನು ಒಂದರ ಮೇಲೊಂದಿಟ್ಟು ಒಂದೇ ಎಂದೆಣಿಸಿದರೆ, ಖಾತೆಯಲ್ಲಿ ಅದು ಸಾಮಾನ್ಯ ಅವಾಹಕಕ್ಕೆ ಸಮ. ಎರಡು ಮೋಬಿಯಸ್ ಕಂತೆಗಳ ಮೊತ್ತದ ಕಥೆಯೇ ಇದು.

ಹೀಗಿರಲು ಇನ್ನೆಷ್ಟು ಬಗೆಯ ತಿರುಚುಗಳುಂಟೆಂಬ ಪ್ರಶ್ನೆ ಏಳುವುದು ಸಹಜ. ಅಲೆಕ್ಸೈ ಕಿತಾಯೆವ್ ಅವರು ೨೦೦೯ರಲ್ಲಿ ಕೆ-ಸಿದ್ಧಾಂತದಿಂದಲೇ ಇದಕ್ಕೆ ಉತ್ತರಕೊಟ್ಟರು. ಎಲೆಕ್ಟ್ರಾನುಗಳು ಪರಸ್ಪರ ಹೆಚ್ಚಾಗಿ ಪ್ರಭಾವ ಬೀರದಿದ್ದಲ್ಲಿ, ಸಮಮಿತಿಗಳಿಗೆ ಅನುಸಾರವಾಗಿ ಅವಾಹಕ, ಅತಿವಾಹಕಗಳನ್ನು ಹತ್ತು ವರ್ಗಗಳಾಗಿ ವಿಂಗಡಿಸಬಹುದು: ಸಂಕೀರ್ಣ ಸಂಖ್ಯೆಗಳ ಎರಡು, ವಾಸ್ತವ ಸಂಖ್ಯೆಗಳ ಎಂಟು. ಬಾಟ್ ಅವರ ಎರಡು ಮತ್ತು ಎಂಟೇ ಇವು. ಯಾವ ಆಯಾಮದಲ್ಲಿ ನೋಡಿದರೂ ಹತ್ತರಲ್ಲಿ ಐದು ವರ್ಗಗಳಲ್ಲಿ ತಿರುಚುಂಟು, ಐದರಲ್ಲಿ ಇಲ್ಲ. ಮೆಂಡಲೀವರ ಕೋಷ್ಟಕವು ಮೂಲವಸ್ತುಗಳಿಗೆ ಮಾಡಿದುದನ್ನು ಈ ಕೋಷ್ಟಕವು ಇಂತಹ ಪದಾರ್ಥಗಳಿಗೆ ಮಾಡುತ್ತದೆಂದು ಹೇಳುವುದುಂಟು. ಎಲೆಕ್ಟ್ರಾನುಗಳ ಪರಸ್ಪರ ಪ್ರಭಾವ ಪ್ರಬಲವಾದೆಡೆಯಲ್ಲಿ ಮಾತ್ರ ಈ ಖಾತೆ ಸಾಲದು. ಅಲ್ಲಿ ಬೇರೆ ಗಣಿತ ಬೇಕು.

ತಂತುಸಿದ್ಧಾಂತವೆಂಬ ಇನ್ನೊಂದು ಕ್ಷೇತ್ರದಲ್ಲಿಯೂ ಇದೇ ಖಾತೆ ಕಾಣಿಸಿಕೊಂಡಿದೆ. ಅಲ್ಲಿ ಡಿ-ಬ್ರೇನ್ ಎಂಬ ಪೊರೆಗಳೂ ಅವುಗಳಿಗೆ ಪ್ರತಿಯಾದ ವಿರುದ್ಧ ಪೊರೆಗಳೂ ಉಂಟು. ಪೊರೆಯೂ ಅದರ ವಿರುದ್ಧವೂ ಸೇರಿದರೆ ಎರಡೂ ಅಳಿದುಹೋಗುತ್ತವೆ. ಇದನ್ನು ಅಲಹಾಬಾದಿನಲ್ಲಿದ್ದ ಅಶೋಕ್ ಸೇನ್ ಅವರು ವಿವರವಾಗಿ ಅಭ್ಯಸಿಸಿದರು. ಪೊರೆಯನ್ನು ಜಮಾ, ವಿರುದ್ಧ ಪೊರೆಯನ್ನು ಖರ್ಚು ಎಂದು ಬರೆದರೆ ಉಳಿಯುವ ಆವೇಶವು ಕೆ-ಸಿದ್ಧಾಂತದ ವರ್ಗವೆಂದು, ಮಿನಾಸಿಯನ್ ಮತ್ತು ಮೂರ್ ಅವರ ೧೯೯೭ರ ಪ್ರಬಂಧವನ್ನೂ ಸೇನ್ ಅವರ ಕೆಲಸವನ್ನೂ ಆಧರಿಸಿ, ಎಡ್ವರ್ಡ್ ವಿಟ್ಟನ್ ೧೯೯೮ರಲ್ಲಿ ತೋರಿಸಿದರು. ತಂತುಸಿದ್ಧಾಂತಕ್ಕೆ ಪ್ರಯೋಗದ ಪ್ರಮಾಣ ಇನ್ನೂ ದೊರೆತಿಲ್ಲವಾದುದರಿಂದ ಇದನ್ನು ಪಾದರಸದ ಟೆಲ್ಯುರೈಡಿನ ಪಂಕ್ತಿಯಲ್ಲಿ ಕೂರಿಸಲು ನಾವು ಸಿದ್ಧರಿಲ್ಲ.

ಮತ್ತೆ ಸಂಖ್ಯೆಗಳಿಗೆ

ಖಾತೆಯ ಮರೆವು ಎಲ್ಲಿ ತೊಂದರೆ ಕೊಟ್ಟಿತೆಂಬುದನ್ನೂ ಹೇಳಬೇಕು. ೧೯೫೫ರಲ್ಲಿ ಸೆರ್ ಅವರು ಒಂದು ಪ್ರಶ್ನೆಯೆತ್ತಿದರು: ಸಪಾಟಾದ ಅವಕಾಶದ ಮೇಲೆ ಬಹುಪದಗಳನ್ನು ಮಾತ್ರ ಬಳಸಿ ಕಟ್ಟಿದ ಕಂತೆಯಲ್ಲಿ ತಿರುಚು ಇರಬಲ್ಲುದೆ? ಖಾತೆಯಲ್ಲಿ ಅಂತಹ ತಿರುಚು ಇಲ್ಲವೆಂದು ಬೇಗನೆ ತಿಳಿಯಿತು. ಆದರೆ ಗೋಳದ ಸುಳಿಯನ್ನು ಮರೆತ ಖಾತೆ ಇಲ್ಲಿಯೂ ಏನನ್ನಾದರೂ ಮರೆತಿರಬಹುದಲ್ಲ? ೧೯೫೮ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಸಿ. ಎಸ್. ಶೇಷಾದ್ರಿಯವರು ಎರಡು ಆಯಾಮಗಳಲ್ಲಿ ತಿರುಚು ನಿಜವಾಗಿಯೂ ಇಲ್ಲವೆಂದು ಸಾಧಿಸಿದರು. ಎಲ್ಲ ಆಯಾಮಗಳಿಗೂ ಅದನ್ನು ಸಾಧಿಸಲು ಮತ್ತೆ ಹದಿನೆಂಟು ವರ್ಷ ಬೇಕಾಯಿತು. ೧೯೭೬ರಲ್ಲಿ ಅಮೆರಿಕದ ಕ್ವಿಲನ್ ಮತ್ತು ರಷ್ಯದ ಸುಸ್ಲಿನ್ ಒಬ್ಬರಿಗೊಬ್ಬರು ತಿಳಿಯದೆ ಅದನ್ನು ಮುಗಿಸಿದರು.

ಅದೇ ಕ್ವಿಲನ್ನರು ೧೯೭೩ರ ಹೊತ್ತಿಗೆ ಗ್ರೋತೆಂಡೀಕರ ಒಂದು ಖಾತೆಗೆ ಬದಲಾಗಿ ಖಾತೆಗಳ ಒಂದು ಕೊನೆಯಿಲ್ಲದ ಸಾಲನ್ನೇ ಕಟ್ಟಿ, ಅವಕ್ಕೆ ಸೊನ್ನೆ, ಒಂದು, ಎರಡು ಎಂದು ಅಂಕೆಗಳನ್ನಿಟ್ಟಿದ್ದರು. ಸಾಮಾನ್ಯ ಪೂರ್ಣಾಂಕಗಳಿಗೆ ಈ ಸಾಲನ್ನು ಲೆಕ್ಕ ಹಾಕಿದರೆ ಬರುವುದು ಆಶ್ಚರ್ಯಕರವಾದುದು. ಸೊನ್ನೆಯ ಖಾತೆಯಲ್ಲಿ ಪೂರ್ಣಾಂಕಗಳೇ ಇವೆ. ಒಂದನೆಯದರಲ್ಲಿ ಎರಡು ವಸ್ತುಗಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಲವತ್ತೆಂಟು. ನಾಲ್ಕನೆಯದು ಬರಿದೆಂದು ರೋಗ್ನೆಸ್ ಎಂಬ ನಾರ್ವೆಯ ಗಣಿತಜ್ಞರು ೨೦೦೦ದಲ್ಲಿ ತೋರಿಸಿದರು. ಎಂಟನೆಯದೂ ಬರಿದೆಂಬ ಸಾಧನೆ ೨೦೧೯ರಲ್ಲಿ, ಗಣಕಯಂತ್ರದ ನೆರವಿನಿಂದ, ಪ್ರಕಟವಾಯಿತು. ನಾಲ್ಕರಿಂದ ಭಾಗವಾಗುವ ಅಂಕೆಯುಳ್ಳ ಖಾತೆಗಳೆಲ್ಲವೂ, ಸೊನ್ನೆಯದನ್ನು ಬಿಟ್ಟು, ಬರಿದಾಗಿವೆಯೆ? ಈ ಪ್ರಶ್ನೆಯೂ, ಫರ್ಮಾನ ಕೊನೆಯ ಪ್ರಮೇಯದ ಬೆನ್ನುಹತ್ತಿದ್ದ ಕುಮರ್ ಹತ್ತೊಂಬತ್ತನೆಯ ಶತಮಾನದಲ್ಲಿ ಎತ್ತಿದ, ಈಗ ವ್ಯಾಂಡಿವರ್ ಅವರ ಊಹೆಯೆಂದು ಹೆಸರಾದ ಅವಿಭಾಜ್ಯ ಸಂಖ್ಯೆಗಳ ಪ್ರಶ್ನೆಯೂ ಒಂದೇ ಎಂದು ಜಪಾನಿನ ಕುರಿಹಾರ ಅವರು ೧೯೯೨ರಲ್ಲಿ ತೋರಿಸಿದ್ದಾರೆ. ೨೧೪ ಕೋಟಿಯವರೆಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳನ್ನು ಗಣಕಯಂತ್ರಗಳು ಪರೀಕ್ಷಿಸಿವೆ. ಊಹೆ ಎಲ್ಲಿಯೂ ತಪ್ಪಿಲ್ಲ. ಸಾಧನೆ ಮಾತ್ರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.